ಪೀಣ್ಯದ ನಾನೂರ ಒಂದು ಆಳುಗಳು

ಪರಮಾನಂದನಿಗೆ ಸಿಟ್ಟು ಬರುವುದಕ್ಕೆ ಕಾರಣ ಬೇಕಾಗುತ್ತಿರಲಿಲ್ಲ. ಬಂದ ಮೇಲೆ ನಿಧಾನವಾಗಿ ಹುಡುಕಿಕೊಳ್ಳುತ್ತಿದ್ದ. ಬಾಗಲಕೋಟೆ ಕಡೆಯ ಈ ವೆಲ್ಡರು ಪೀಣ್ಯಕ್ಕೆ ಬಂದು ಒಂಬತ್ತು ವರ್ಷವಾಗಿತ್ತು. ಅಷ್ಟರಲ್ಲಿ ಬಿಟಿಎಸ್ ಕಂಡಕ್ಟರುಗಳ ಮೇಲೆ, ಬೆಂಗಳೂರಿನವರು ಸಾರಿಗೆ ಹಾಕುವ ಬೆಲ್ಲದ ಮೇಲೆ, ರೇಡಿಯೋದಲ್ಲಿ ಹವಾಮಾನ ಓದುವ ಹೆಂಗಸಿನ ಮೇಲೆ, ರಾಜಗೋಪಾಲನಗರದ ಸಮಸ್ತ ಬೀದಿನಾಯಿಗಳ ಮೇಲೆ ಅವನು ಸಿಟ್ಟಾಗಿ ಮುಗಿಸಿದ್ದ. ಹೊಸದಾಗಿ ಯಾರೂ ಉಳಿದಿಲ್ಲವೆಂದು ಅವನ ಹೆಂಡತಿ ಭಾಗ್ಯಶ್ರೀ ತಿಳಿದಿದ್ದಳು. ಈಜಿಪ್ಟ್ ದೇಶದ ಒಬ್ಬ ಪೂಜಾರಿ, ಅದೂ ಸತ್ತು ಮೂರು ಸಾವಿರ ವರ್ಷವಾದವನು, ಸಾಲಿನಲ್ಲಿ ನಿಂತಿದ್ದಾನೆಂದು ಅವಳಿಗೆ ಹೇಗೆ ಗೊತ್ತಾಗಬೇಕು?

ತೊಂಬತ್ತಾರನೆಯ ಇಸವಿಯ ಮಳೆಗಾಲ. ಪಟ್ಟಣದ ಮ್ಯೂಸಿಯಮ್ಮಿಗೆ ಎರಡು ತಿಂಗಳ ಮಟ್ಟಿಗೆ ಈಜಿಪ್ಟಿನ ಹಳೆಯ ಶವಪೆಟ್ಟಿಗೆಗಳೂ ಅವುಗಳ ಜೊತೆ ಹೂತಿದ್ದ ಸಾಮಾನುಗಳೂ ಪ್ರದರ್ಶನಕ್ಕೆಂದು ಬಂದವು. ಅವನ್ನು ಇಡುವ ಕಬ್ಬಿಣದ ಸ್ಟ್ಯಾಂಡು, ಗಾಜಿನ ಪೆಟ್ಟಿಗೆಗಳ ಕೆಲಸ ಪೀಣ್ಯ ಎರಡನೇ ಹಂತದ ಸಂಪಿಗೆ ಮೆಟಲ್ ವರ್ಕ್ಸ್‌ಗೆ ಸಿಕ್ಕಿತು. ಬೀರು, ಆಸ್ಪತ್ರೆ ಮಂಚ ಮಾಡುತ್ತಿದ್ದ ಆ ಕಾರ್ಖಾನೆಯಲ್ಲೇ ಪರಮಾನಂದ ವೆಲ್ಡರು. ಸ್ಟ್ಯಾಂಡು ಕೂರಿಸಿ ಬರಲು ಮಾಲೀಕ ಸಿದ್ದರಾಮಪ್ಪನವರು ಅವನನ್ನೇ ಕಳಿಸಿದರು. ದಾವಣಗೆರೆ ಕಡೆಯ ಸಿದ್ದರಾಮಪ್ಪನವರು ಹಣೆತುಂಬ ವಿಭೂತಿ ಧರಿಸುವ ಮೆತ್ತನೆ ಮಾತಿನ ಮನುಷ್ಯ. ಹೋಗುವಾಗ ಬೆನ್ನು ತಟ್ಟಿ, "ನೋಡಪಾ, ಅದು ದೊಡ್ಡ ಜಾಗ. ಅಲ್ಲಿ ಯಾರ ಮೇಲೂ ಸಿಟ್ಟಾಗಬ್ಯಾಡ" ಎಂದಿದ್ದರು.

ಅವನು ಬದುಕಿರುವವರ ಯಾರ ಮೇಲೂ ಸಿಟ್ಟಾಗಲಿಲ್ಲ. ಮಾತು ಉಳಿಸಿಕೊಂಡ.

ಮ್ಯೂಸಿಯಮ್ಮಿನಲ್ಲಿ ಮೇಘಾ ಎಂಬ ಹುಡುಗಿ ವಸ್ತುಗಳ ಉಸ್ತುವಾರಿ ನೋಡುತ್ತಿದ್ದಳು. ಮನುಷ್ಯನ ಆಕಾರದಲ್ಲೇ ಕೆತ್ತಿದ ಮರದ ಪೆಟ್ಟಿಗೆ. ಮುಚ್ಚಳದ ಮೇಲೆ ಕಾಡಿಗೆ ಬಳಿದ, ತೆರೆದ ಕಣ್ಣಿನ ಮುಖ. ಎದೆಯ ಮೇಲೆ ಅಡ್ಡ ಇಟ್ಟ ಕೈ. ಪರಮಾನಂದ ಅದರ ಸುತ್ತ ಒಂದು ಸುತ್ತು ಬಂದ.

"ಯಾರ್ರೀ ಮೇಡಂ ಇವ?"

"ದೇವಸ್ಥಾನದ ದೊಡ್ಡ ಪೂಜಾರಿ. ತುಂಬ ಶ್ರೀಮಂತ."

"ಮಲಗಿಸ್ಯಾರಲ್ರೀ! ನಮ್ಮ ಕಡೆ ಕುಂದ್ರಿಸಿ ಮಣ್ಣ ಮಾಡ್ತಾರ. ಕೆಳಗ ಹೋದ ಮ್ಯಾಲೂ ನೆಟ್ಟಗ ಕುಂತಿರ್ತಾನ ನಮ್ಮವ." ಪಕ್ಕದ ಗಾಜಿನೊಳಗೆ ನೀಲಿ ಬಣ್ಣದ, ಗೇಣುದ್ದವೂ ಇಲ್ಲದ ಗೊಂಬೆಗಳು ಸಾಲಾಗಿ ನಿಂತಿದ್ದವು. "ಇವು ಏನ್ರೀ, ಮಕ್ಕಳ ಆಟದ ಸಾಮಾನಾ?"

ಮೇಘಾಗೆ ಬೆಳಗಿನಿಂದ ಯಾರೂ ಏನೂ ಕೇಳಿರಲಿಲ್ಲ. ಉತ್ಸಾಹದಿಂದ ವಿವರಿಸಿದಳು. ಸತ್ತವನಿಗೆ ಆ ಲೋಕದಲ್ಲಿ ಹೊಲದ ಕೆಲಸಕ್ಕೆ ಕರೆ ಬರುತ್ತದಂತೆ. ಅವನ ಬದಲು ದುಡಿಯಲು ಈ ಆಳುಗೊಂಬೆಗಳು. ವರ್ಷದ ಪ್ರತಿ ದಿನಕ್ಕೊಂದರಂತೆ ಮುನ್ನೂರ ಅರವತ್ತೈದು. ಹತ್ತು ಆಳಿಗೆ ಒಬ್ಬನಂತೆ ಕೈಯಲ್ಲಿ ಚಾಟಿ ಹಿಡಿದ ಮೇಸ್ತ್ರಿಗಳು ಮೂವತ್ತಾರು. ಒಟ್ಟು ನಾನೂರ ಒಂದು.

ಪರಮಾನಂದನ ಮೂಗಿನ ತುದಿ ಕೆಂಪಾಗತೊಡಗಿತು.

"ಮುನ್ನೂರ ಅರವತ್ತೈದು? ವಾರಕ್ಕ ಒಂದ ರಜಾ ಇಲ್ರೀ?"

"ಅಯ್ಯೋ, ಹಾಗಲ್ಲ. ಒಬ್ಬೊಬ್ಬನಿಗೆ ವರ್ಷಕ್ಕೆ ಒಂದೇ ದಿನ ಕೆಲಸ."

"ಅಂದ್ರ ಟೆಂಪ್ರವರಿ!" ಪರಮಾನಂದ ಕೈಯಲ್ಲಿದ್ದ ಸ್ಪ್ಯಾನರನ್ನು ನೆಲಕ್ಕೆ ಕುಕ್ಕಿದ. "ಮೂರು ಸಾವಿರ ವರ್ಷ ಆದ್ರೂ ಪರ್ಮನೆಂಟ್ ಮಾಡಿಲ್ಲ! ಸತ್ತ ಮ್ಯಾಲೂ ಇವನ ಹೊಲಕ್ಕ ಇವರೇ ನೀರು ಹಾಯಿಸಬೇಕಾ? ಇವ ಮಲಕೊಂಡು ಕಣ್ಣು ತೆರಕೊಂಡು ನೋಡೂದಾ? ಇಲ್ಲಿ ನಾಕನೂರು ಎಲ್ಲದಾವ? ಐವತ್ತು ಸೈತ ಇಲ್ಲ!"

"ನಮ್ಮ ಕೈಗೆ ಸಿಕ್ಕಿರೋದು ನಲವತ್ತೇ. ಮಿಕ್ಕಿದ್ದು ಎಲ್ಲಿ ಹೋದವೋ ಯಾರಿಗೂ ಗೊತ್ತಿಲ್ಲ."

"ಯಾರೂ ಹುಡುಕಿಲ್ಲ?"

"ಇಲ್ಲ" ಎಂದಳು ಮೇಘಾ, ತಾನೇ ಏನೋ ತಪ್ಪು ಮಾಡಿದವಳ ಹಾಗೆ.

ಈ ಸಿಟ್ಟನ್ನು ಹೊತ್ತುಕೊಂಡು ಪರಮಾನಂದ ಎರಡು ಬಸ್ಸು ಬದಲಾಯಿಸಿ ರಾಜಗೋಪಾಲನಗರಕ್ಕೆ ಬಂದ. ವಠಾರದ ನಲ್ಲಿಯಲ್ಲಿ ನೀರು ಬಂದಿತ್ತು. ಭಾಗ್ಯಶ್ರೀ ಕೊಡಕ್ಕೆ ನೀರು ಹಿಡಿಯುತ್ತಿದ್ದಳು. ಅವಳ ಹಿಂದೆ ಏಳು ಬಿಂದಿಗೆಗಳು. ಅವನು ಅಲ್ಲೇ ನಿಂತು, ಏಳು ಬಿಂದಿಗೆಯ ಆಚೆಗೂ ಕೇಳುವಂತೆ ಹೇಳತೊಡಗಿದ.

"ನಾಕನೂರಾ ಒಂದ ಮಂದಿ ನೋಡ ಭಾಗ್ಯಾ! ಅದರಾಗ ಚಾಟಿ ಹಿಡದ ಮೇಸ್ತ್ರಿಗಳೇ ಮೂವತ್ತಾರು. ಮಾಲಕ ಆರಾಮ ಮಲಗ್ಯಾನ, ದುಡಿಯೋರನ್ನೆಲ್ಲ ಮಣ್ಣಾಗ ಹಾಕ್ಯಾರ. ಸಿಕ್ಕಿದ್ದು ಬರೇ ನಲವತ್ತು. ಉಳಿದ ಮುನ್ನೂರ ಅರವತ್ತೊಂದು ಮಂದಿ ಎಲ್ಲದಾರಂತ ಒಬ್ಬ ಮಗನೂ ಹುಡುಕಿಲ್ಲ. ಕಣ್ಣಾರೆ ನೋಡಿ ಬಂದೀನಿ. ನಮ್ಮ ಕಂಪನಿ ಪೆಟ್ಟಿಗ್ಯಾಗ ಇಟ್ಟಾರ!"

ಭಾಗ್ಯಶ್ರೀಗೆ ಕೊಡ ತುಂಬುವುದು ಮುಖ್ಯವಾಗಿತ್ತು. "ಪಾಪ" ಎಂದು ಕೊಡ ಎತ್ತಿಕೊಂಡು ಹೋದಳು. ಆದರೆ ಜಗಲಿಯ ಮೇಲೆ ವಠಾರದ ಯಜಮಾನ ಚಿಕ್ಕಬೈರಪ್ಪ ಕುಳಿತಿದ್ದರು. ಅವರಿಗೆ ಎಡಗಿವಿ ಕೇಳಿಸುತ್ತಿರಲಿಲ್ಲ; ಬಲಗಿವಿಯ ಪಕ್ಕ ನಲ್ಲಿ ಭೋರ್ಗರೆಯುತ್ತಿತ್ತು. 'ನಾಕನೂರು', 'ಮಣ್ಣು', 'ನಮ್ಮ ಕಂಪನಿ' ಎಂಬ ಮೂರು ಮಾತು ಮಾತ್ರ ಒಳಗೆ ಹೋದವು. ಅಷ್ಟು ಸಾಕಾಯಿತು.

ಸಂಪಿಗೆ ಮೆಟಲ್ ವರ್ಕ್ಸ್ ನಿಂತಿರುವುದು ಚಿಕ್ಕಬೈರಪ್ಪನವರ ಅಪ್ಪನ ರಾಗಿ ಹೊಲದಲ್ಲಿ. ಸರ್ಕಾರ ಆ ಹೊಲವನ್ನು ಕೈಗಾರಿಕೆಗೆಂದು ವಶಪಡಿಸಿಕೊಂಡು ಇಪ್ಪತ್ತು ವರ್ಷವಾಗಿದ್ದರೂ ಅವರು ಈಗಲೂ ಅದನ್ನು 'ನಮ್ಮೊಲ' ಎಂದೇ ಕರೆಯುತ್ತಿದ್ದರು.

"ನಮ್ಮೊಲದಲ್ಲಿ ಎಣ ಊತವ್ರೇನಯ್ಯಾ?" ಎಂದು ಎದ್ದು ನಿಂತರು. "ರಾಗಿ ಬೆಳೀತಿದ್ದ ಮಣ್ಣು ಅದು! ಕಾರ್ಖಾನೆ ಮಾಡ್ತೀವಿ ಅಂತ ಇಸ್ಕೊಂಡು ಸುಡುಗಾಡು ಮಾಡ್ಕೊಂಡವ್ರಾ?"

ನೀರು ನಿಲ್ಲುವಷ್ಟರಲ್ಲಿ ಸುದ್ದಿ ವಠಾರ ದಾಟಿತ್ತು. ಸಂಜೆ ಎಸ್‌ಟಿಡಿ ಬೂತಿನ ಮುಂದೆ ಉತ್ತರ ಕರ್ನಾಟಕದ ಹುಡುಗರ ಸಾಲು ಬೆಳೆಯಿತು. ಒಬ್ಬ ಹುನಗುಂದಕ್ಕೆ ಹಚ್ಚಿ, "ನಾ ಅರಾಮದೀನಿ, ನಾಕನೂರರಾಗ ನಾ ಇಲ್ಲ" ಎಂದ. ಇನ್ನೊಬ್ಬ ಬಾದಾಮಿಗೆ ಹಚ್ಚಿ ಮೂವತ್ತಾರು ಸೂಪರ್‌ವೈಸರುಗಳ ಕೈಯಲ್ಲಿ ಚಾಟಿ ಇರುವುದನ್ನು ವರ್ಣಿಸಿದ. ಬೂತಿನ ಹೊರಗೆ ನಿಂತವರು ಇದನ್ನು ಕೇಳಿ ಇನ್ನಷ್ಟು ಸೇರಿಸಿಕೊಂಡು ತಮ್ಮ ಸರದಿಗೆ ಕಾದರು. ಚಾಟಿಯ ವಿಷಯವನ್ನು ಯಾರೂ ಅನುಮಾನಿಸಲಿಲ್ಲ. ಪೀಣ್ಯದಲ್ಲಿ ಕೆಲಸ ಮಾಡಿದವರಿಗೆ ಅದರಲ್ಲಿ ಅಸಂಭವವಾದದ್ದೇನೂ ಕಾಣಲಿಲ್ಲ.

ಒಂದು ಕರೆ ಇಳಕಲ್ಲಿನ ಹತ್ತಿರದ ಒಂದು ಹಳ್ಳಿಯ ಕಿರಾಣಿ ಅಂಗಡಿಗೆ ಹೋಯಿತು. ಆ ಊರಿನ ಹೊಳೆವ್ವನ ಮಗ ಭೀಮಪ್ಪ ಅದೇ ಕಾರ್ಖಾನೆಯಲ್ಲಿದ್ದ. ಅಂಗಡಿಯವನು ಬಂದು, "ಯವ್ವಾ, ಕಾರ್ಖಾನ್ಯಾಗ ನಾಕನೂರು ಮಂದೀನ ಮಣ್ಣಾಗ ಹಾಕ್ಯಾರಂತ, ಪರಮಾನಂದ ಕಣ್ಣಾರೆ ನೋಡಿ ಬಂದಾನಂತ" ಎಂದ ಕೂಡಲೆ ಹೊಳೆವ್ವ ಎದ್ದಳು. ಒಲೆಯ ಮೇಲಿದ್ದ ಸಾರನ್ನು ಇಳಿಸಿ, ಬಾಗಿಲಿಗೆ ಬೀಗ ಹಾಕಿ, ಬೆಂಗಳೂರು ಬಸ್ಸು ಹತ್ತಿದಳು.

ಮರುದಿನ ಬೆಳಿಗ್ಗೆ ಒಂಬತ್ತೂವರೆಗೆ ಅವಳು ಸಂಪಿಗೆ ಮೆಟಲ್ ವರ್ಕ್ಸಿನ ಗೇಟಿನಲ್ಲಿದ್ದಳು. ಟೈಂ ಆಫೀಸಿನ ಕಿಟಕಿಯಲ್ಲಿ ಕ್ಲಾರ್ಕ್ ಸೊಣ್ಣಪ್ಪ ಕಾಣಿಸಿದ. ಸೊಣ್ಣಪ್ಪ ಪುಸ್ತಕದಲ್ಲಿ ಬರೆದಿದ್ದನ್ನು ಮಾತ್ರ ನಂಬುವ ಮನುಷ್ಯ.

"ನನ್ನ ಮಗ ಭೀಮಪ್ಪನ್ನ ಕರೀರಿ ಸಾಹೇಬ್ರ."

ಸೊಣ್ಣಪ್ಪ ಹಾಜರಿ ಪುಸ್ತಕ ತೆಗೆದು, ಬೆರಳಿಗೆ ಉಗುಳು ಹಚ್ಚಿ, ಮೂವತ್ತೊಂದು ಹೆಸರನ್ನೂ ಓದಿದ. "ಭೀಮಪ್ಪ ಅನ್ನೋರು ಇಲ್ಲಿಲ್ಲಮ್ಮ."

"ಇಲ್ಲಂದ್ರ? ಎರಡು ವರ್ಷಾತು ಇಲ್ಲೇ ದುಡೀತಾನ!"

"ಆ ಹೆಸರಿನವರು ಇಲ್ಲಿ ಯಾವತ್ತೂ ಇರಲೇ ಇಲ್ಲಮ್ಮ. ಬೇಕಾದ್ರೆ ನೋಡ್ಕೋ."

ಹೊಳೆವ್ವ ಗೇಟಿನ ಕಂಬಿ ಹಿಡಿದು ಕೂಗಿದ ಕೂಗಿಗೆ ಎದುರುಗಡೆಯ ಕಾರ್ಖಾನೆಯ ಲೇತು ಯಂತ್ರಗಳು ನಿಂತವು.

"ನನ್ನ ಮಗನ್ನ ನುಂಗಿದ್ರೋ! ಮಣ್ಣಾಗ ಹಾಕಿ, ಇರಲೇ ಇಲ್ಲ ಅಂತಾರೋ!"

ಹತ್ತು ನಿಮಿಷದಲ್ಲಿ ಇನ್ನೂರು ಜನ ಸೇರಿದರು. ಕೂಗು ಕೇಳಿ ಪರಮಾನಂದ ವೆಲ್ಡಿಂಗ್ ಕನ್ನಡಕವನ್ನು ಹಣೆಯ ಮೇಲಿಟ್ಟುಕೊಂಡೇ ಓಡಿಬಂದ. ಯಾರೋ "ಇವನೇ ನೋಡಿದ್ದು" ಎಂದು ಅವನನ್ನು ಮುಂದಕ್ಕೆ ತಳ್ಳಿದರು. ಹೊಳೆವ್ವ ಅವನ ಅಂಗಿಯ ಕೊರಳು ಹಿಡಿದಳು.

"ಪೆಟ್ಟಿಗ್ಯಾಗ ಹೆಂಗಿದ್ದನೋ ನನ್ನ ಮಗ? ಮಾರಿ ನೋಡಿದ್ಯಾ?"

"ಯಾವ ಪೆಟ್ಟಿಗಿ ಯವ್ವಾ? ಭೀಮಪ್ಪ ಹಿಂದಿನ ಶೆಡ್ಡಿನಾಗ ಅದಾನ. ಈಗ ಮುಂಜಾನೆ ನನ್ನ ಬಾಜೂ ಕುಂತು ಚಾ ಕುಡದಾನ!"

"ಇಲ್ಲಂತ ಬರದೈತಂತಲ್ಲೋ!"

ಪರಮಾನಂದ ಕಿಟಕಿಯತ್ತ ತಿರುಗಿದ. "ಏ ಸೊಣ್ಣಪ್ಪ, ಇಲ್ಲ ಅಂದ್ಯಾ?"

"ಪುಸ್ತಕದಲ್ಲಿ ಇಲ್ಲ."

"ಶೆಡ್ಡಿನಾಗ ಅದಾನೋ ಇಲ್ಲೋ?"

"ಶೆಡ್ಡಿನ ವಿಷಯ ನನಗೆ ಗೊತ್ತಿಲ್ಲ. ಪುಸ್ತಕದಲ್ಲಿ ಇಲ್ಲ."

ಎರಡು ವರ್ಷ ಒಂದೇ ಡಬ್ಬಿಯ ಚಟ್ನಿ ಹಂಚಿಕೊಂಡು ಉಂಡಿದ್ದರೂ ಭೀಮಪ್ಪನ ಹೆಸರು ಯಾವ ಪುಸ್ತಕದಲ್ಲೂ ಇಲ್ಲವೆಂಬುದು ಪರಮಾನಂದನಿಗೆ ಹೊಳೆದಿರಲಿಲ್ಲ. ಬೆಲ್ಲದ ಮೇಲೆ, ನಾಯಿಯ ಮೇಲೆ ಸಿಟ್ಟಾಗುವುದರಲ್ಲಿ ಪುರಸೊತ್ತು ಸಿಕ್ಕಿರಲಿಲ್ಲ. ಈಗ ಸಿಟ್ಟು ಎಷ್ಟು ಜೋರಾಗಿ ಬಂತೆಂದರೆ ಕಿಟಕಿಯೊಳಗೆ ಕೈ ಹಾಕಿ ಹಾಜರಿ ಪುಸ್ತಕವನ್ನು ಎಳೆದುಕೊಂಡ. ಸೊಣ್ಣಪ್ಪ ಇನ್ನೊಂದು ತುದಿ ಹಿಡಿದ. ಈ ಜಗ್ಗಾಟ ನಡೆದಿರುವಾಗಲೇ ಪೊಲೀಸ್ ಜೀಪು ಬಂತು. ಅದರ ಮುಂದಿನ ಸೀಟಿನಲ್ಲಿ, ಹೊಲದ ಯಜಮಾನನ ಗತ್ತಿನಲ್ಲಿ, ಚಿಕ್ಕಬೈರಪ್ಪ ಕುಳಿತಿದ್ದರು.

ಸಬ್ ಇನ್‌ಸ್ಪೆಕ್ಟರ್ ಲಕ್ಷ್ಮಣಪ್ಪ ಇಳಿದರು. ಅವರಿಗೂ ಸಿಟ್ಟು ಬಂದಿತ್ತು, ತಿಂಡಿ ತಿನ್ನುವ ಹೊತ್ತಿನಲ್ಲಿ ನಾನೂರು ಹೆಣ ಎಂದು ಎಬ್ಬಿಸಿದ್ದಕ್ಕೆ.

"ಯಾರ್ರೀ ಓನರು?"

ಸಿದ್ದರಾಮಪ್ಪನವರು ಕೈಮುಗಿದುಕೊಂಡು ಬಂದರು. "ಬರ್ರಿ ಸಾಹೇಬ್ರ. ಏನೋ ತಪ್ಪು ತಿಳುವಳಿಕೆ ಆಗೇತಿ. ಕಾಫಿ ತರಸ್ಲಾ?"

"ಭೀಮಪ್ಪ ಅನ್ನೋನು ಇದಾನೋ ಇಲ್ವೋ?"

ಸಿದ್ದರಾಮಪ್ಪನವರ ಬಾಳಿನಲ್ಲಿ ಇಷ್ಟು ಚಿಕ್ಕ ಪ್ರಶ್ನೆ ಇಷ್ಟು ಕಷ್ಟವಾದದ್ದು ಅದೇ ಮೊದಲು. ಇದ್ದಾನೆ ಎಂದರೆ ಪುಸ್ತಕ ಸುಳ್ಳಾಗುತ್ತದೆ. ಇಲ್ಲ ಎಂದರೆ ಕೊಲೆಯಾಗುತ್ತದೆ. ಅವರು ವಿಭೂತಿಯ ಮೇಲಿನ ಬೆವರು ಒರೆಸಿಕೊಂಡು, "ಇದಾನೆ ಅಂದ್ರ ಇದಾನೆ, ಇಲ್ಲ ಅಂದ್ರ..." ಎಂದು ಶುರುಮಾಡಿದರು.

"ಗುದ್ದಲಿ ತಗೊಂಬಾರಯ್ಯ" ಎಂದು ಲಕ್ಷ್ಮಣಪ್ಪ ಕಾನ್‌ಸ್ಟೇಬಲ್‌ಗೆ ಹೇಳಿದರು.

"ಇದಾನೆ! ಇದಾನೆ!"

ಹಿಂದಿನ ಶೆಡ್ಡಿನ ಬೀಗ ತೆಗೆದರು. ಹೊರಗಿನವರು ಬಂದಾಗಲೆಲ್ಲ ಆ ಶೆಡ್ಡಿಗೆ ಬೀಗ ಬೀಳುತ್ತಿತ್ತು. ಹೊಳೆವ್ವ ಕೂಗಿದ ಕೂಡಲೆ ಅಂದೂ ಬಿದ್ದಿತ್ತು. ಒಳಗಿನಿಂದ ಮೈಯೆಲ್ಲ ಬೂದು ಬಣ್ಣ ಮೆತ್ತಿಕೊಂಡ, ಕಣ್ಣೆರಡು ಮಾತ್ರ ಮನುಷ್ಯನವೆಂದು ತಿಳಿಯುವಂತಿದ್ದ ಒಬ್ಬ ತರುಣ ಹೊರಬಂದ. ಜನ ಎರಡು ಹೆಜ್ಜೆ ಹಿಂದೆ ಸರಿದರು. ಹೊಳೆವ್ವ ಸರಿಯಲಿಲ್ಲ. ಹತ್ತಿರ ಹೋಗಿ, ಗಲ್ಲ ಮುಟ್ಟಿ ನೋಡಿ, ಅದೇ ಗಲ್ಲಕ್ಕೆ ಪಟ್ಟನೆ ಒಂದು ಬಾರಿಸಿದಳು.

"ಜೀವಂತ ಇದ್ದವ ಒಂದ ಫೋನ್ ಮಾಡಬಾರದೇನೋ!" ಎಂದವಳೇ ಅವನನ್ನು ತಬ್ಬಿಕೊಂಡಳು. ಅವಳ ಹಸಿರು ಇಳಕಲ್ ಸೀರೆ ಅರ್ಧ ಬೂದಾಯಿತು.

ಇಲ್ಲಿಗೆ ಮುಗಿಯಬೇಕಾಗಿತ್ತು. ಆದರೆ ಚಿಕ್ಕಬೈರಪ್ಪನವರು ಒಬ್ಬನಿಗೋಸ್ಕರ ಜೀಪು ಹತ್ತಿ ಬಂದವರಲ್ಲ.

"ಒಬ್ಬನ್ನ ತೋರಿಸ್ಬುಟ್ರೆ ಆಗೋಯ್ತಾ ಸ್ವಾಮಿ? ಮಿಕ್ಕ ನಾನೂರು?"

ಸಿದ್ದರಾಮಪ್ಪನವರ ಮೆತ್ತನೆ ಮಾತು ಅಲ್ಲಿ ಮುಗಿಯಿತು. "ಎಲ್ಲಾರೂ ಹೊರಗ ಬರ್ರಲೇ!" ಎಂದು ಶೆಡ್ಡಿನತ್ತ ಕಿರುಚಿದರು. "ಒಬ್ಬರೂ ಒಳಗ ಇರಬ್ಯಾಡ್ರಿ! ಎಲ್ಲಾರೂ ಬದುಕೀರಿ ಅಂತ ಇವರಿಗೆ ತೋರಿಸ್ರಿ!"

ಬಂದರು. ಬಣ್ಣದ ಶೆಡ್ಡಿನಿಂದ, ತಗಡು ಒತ್ತುವ ಪ್ರೆಸ್ಸಿನಿಂದ, ತುಕ್ಕು ತಿಕ್ಕುವ ಕೋಣೆಯಿಂದ, ತಗಡಿನ ಮಾಳಿಗೆಯಿಂದ ಏಣಿ ಇಳಿದು. ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡು ಅಂಗಳದಲ್ಲಿ ಸಾಲಾಗಿ ನಿಂತರು. ಲಕ್ಷ್ಮಣಪ್ಪ ಒಬ್ಬೊಬ್ಬನ ಎದೆಗೆ ಲಾಠಿ ಮುಟ್ಟಿಸಿ ಎಣಿಸಿದರು. ಐವತ್ತೆಂಟು. ಡೈರಿ ತೆಗೆದು ಮಸಿಯಲ್ಲಿ ಬರೆದರು: 'ಐವತ್ತೆಂಟು ಜನ ಕೆಲಸಗಾರರು ಜೀವಂತವಾಗಿರುವುದನ್ನು ಖುದ್ದಾಗಿ ಕಂಡಿರುತ್ತೇನೆ.' ಕೆಳಗೆ ಸಹಿ ಹಾಕಿ, ಸಿದ್ದರಾಮಪ್ಪನವರ ಸಹಿಯನ್ನೂ ಹಾಕಿಸಿಕೊಂಡರು. ಕೊಲೆಯ ಗಂಡಾಂತರ ತಪ್ಪಿತೆಂದು ಸಿದ್ದರಾಮಪ್ಪನವರು ಆನಂದದಿಂದ ಸಹಿ ಮಾಡಿದರು.

"ನಾನೂರ ಒಂದರಲ್ಲಿ ಐವತ್ತೆಂಟು" ಎಂದು ಲಕ್ಷ್ಮಣಪ್ಪ ಪರಮಾನಂದನತ್ತ ತಿರುಗಿದರು. "ಮಿಕ್ಕ ಮುನ್ನೂರ ನಲವತ್ತಮೂರು ಜನ ಎಲ್ಲಯ್ಯ?"

"ಅವರು ಇಲ್ಲಿಯವರಲ್ರೀ. ಮ್ಯೂಸಿಯಮ್ಮಿನವರು."

"ಮ್ಯೂಸಿಯಮ್ಮಲ್ಲಿ ಏನು ಕೆಲಸ ಮಾಡ್ತಾರೆ?"

"ಹೊಲದ ಕೆಲಸಾರೀ."

ಲಕ್ಷ್ಮಣಪ್ಪ ಡೈರಿಯಿಂದ ತಲೆ ಎತ್ತಿದರು. "ಎಷ್ಟು ದಿನ ಆಯ್ತು ಹೂತು?"

"ಮೂರು ಸಾವಿರ ವರ್ಷ ಆತ್ರೀ. ಗೊಂಬಿ ಸಾಹೇಬ್ರ. ಇಷ್ಟಿಷ್ಟ ಅದಾವ" ಎಂದು ಪರಮಾನಂದ ಕೈಯಲ್ಲಿ ಅಳತೆ ತೋರಿಸಿದ.

ಅಂಗಳದಲ್ಲಿದ್ದ ಎಲ್ಲರ ಸಿಟ್ಟೂ ಒಟ್ಟಿಗೆ ಪರಮಾನಂದನ ಮೇಲೆ ಬಿತ್ತು. ಲಕ್ಷ್ಮಣಪ್ಪ ಬೆಲ್ಟಿಗೆ ಕೈ ಹಾಕಿದರು. ಚಿಕ್ಕಬೈರಪ್ಪ, "ಗೊಂಬೆಗೋಸ್ಕರ ನನ್ನ ಸ್ಟೇಷನ್ ಮೆಟ್ಲು ಅತ್ತಿಸ್ದಲ್ಲೋ! ನಾಳೆನೇ ರೂಮು ಖಾಲಿ ಮಾಡು!" ಎಂದು ಟವೆಲ್ ಕೊಡವಿದರು. ಹೊಳೆವ್ವ ಬಗ್ಗಿ ಚಪ್ಪಲಿ ಕೈಗೆತ್ತಿಕೊಂಡಳು. "ನನ್ನ ಮಗನ್ನ ಒಂದ ರಾತ್ರಿ ಪೂರ್ತಿ ಸಾಯಿಸಿದ್ಯಲ್ಲೋ ನಿನ್ನ ಬಾಯಿಂದ!" ಒಂದೇಟು ಬಿತ್ತು ಕೂಡ, ಬಲ ಭುಜಕ್ಕೆ.

ಪರಮಾನಂದ ಭುಜ ಒರೆಸಿಕೊಂಡ. "ಹೊಡಿ ಯವ್ವಾ. ನನ್ನ ತಪ್ಪು ಐತಿ. ಆದ್ರ ನಿನ್ನ ಮಗ ಇಲ್ಲ ಅಂದಾವ ನಾ ಅಲ್ಲ. ಪುಸ್ತಕದಾಗ ಮೂವತ್ತೊಂದ ಅದಾವ. ಇಲ್ಲಿ ಐವತ್ತೆಂಟು ನಿಂತಾರ. ಇಪ್ಪತ್ತೇಳು ಮಂದೀನ ಸಾಹೇಬ್ರು ಲಾಠಿ ಮುಟ್ಟಿಸಿ ನೋಡಿದ ಮ್ಯಾಲೂ ಇಲ್ಲ ಅಂತೈತಿ ಈ ಪುಸ್ತಕ. ಗೊಂಬಿಗೆ ಜೀಪು ಬರತೈತಿ, ಇವರಿಗೆ ಯಾಕ ಬರೂದಿಲ್ರೀ?"

ಜಗ್ಗಾಟದಲ್ಲಿ ಹರಿದ ಹಾಜರಿ ಪುಸ್ತಕದ ಅರ್ಧ ಇನ್ನೂ ಅವನ ಕೈಯಲ್ಲೇ ಇತ್ತು. ಲಕ್ಷ್ಮಣಪ್ಪ ಅದನ್ನು ಇಸಿದುಕೊಂಡು ನೋಡಿದರು. ಹೊರಟುಬಿಡೋಣವೆಂದೇ ಅವರ ಮನಸ್ಸು. ಆದರೆ ಡೈರಿಯಲ್ಲಿ ಐವತ್ತೆಂಟು ಎಂದು ಬರೆದಾಗಿತ್ತು, ಮಸಿಯಲ್ಲಿ, ಎರಡು ಸಹಿಯ ಸಮೇತ. ಪೊಲೀಸ್ ಡೈರಿಯಲ್ಲಿ ಬದುಕಿರುವ ಇಪ್ಪತ್ತೇಳು ಜನ ಕಾರ್ಖಾನೆಯ ಪುಸ್ತಕದಲ್ಲಿ ಇಲ್ಲದಿದ್ದರೆ, ನಾಳೆ ಅವರಲ್ಲೊಬ್ಬ ಪ್ರೆಸ್ಸಿಗೆ ಸಿಕ್ಕಿ ಸತ್ತ ದಿನ ಯಾರ ಸಹಿ ಹೊರಬರುತ್ತದೆಂದು ಅವರಿಗೆ ಹೊಳೆಯಿತು. ಟೈಂ ಆಫೀಸಿನ ಫೋನು ತಿರುಗಿಸಿದರು.

ಲೇಬರ್ ಇನ್‌ಸ್ಪೆಕ್ಟರ್ ರಾಮಯ್ಯ ಹನ್ನೆರಡಕ್ಕೆ ಸ್ಕೂಟರಿನಲ್ಲಿ ಬಂದರು. ಈ ಕಾರ್ಖಾನೆಗೆ ನಾಲ್ಕು ವರ್ಷದಿಂದ ತಪ್ಪದೆ ಭೇಟಿ ಕೊಟ್ಟು, ನಾಲ್ಕು ಸಲವೂ ಮೂವತ್ತೊಂದು ಜನರನ್ನೇ ಕಂಡು, ಕಾಫಿ ಕುಡಿದು ಹೋಗಿದ್ದವರು ಅವರು. ಅಂಗಳದಲ್ಲಿ ನಿಂತಿದ್ದ ಸಾಲನ್ನು ನೋಡಿ ಹೆಲ್ಮೆಟ್ ತೆಗೆಯಲಿಲ್ಲ.

"ಹಬ್ಬದ ಮುಂಚೆ ಸ್ವಲ್ಪ ಜನ ಜಾಸ್ತಿ ಬಂದಿರ್ತಾರೆ" ಎಂದರು.

"ಎರಡು ವರ್ಷದಿಂದ ಯಾವ ಹಬ್ಬಾರೀ ಅದು?" ಎಂದ ಪರಮಾನಂದ.

"ನೀನು ಬಾಯಿ ಮುಚ್ಚು" ಎಂದರು ರಾಮಯ್ಯ, ಲಕ್ಷ್ಮಣಪ್ಪ, ಸಿದ್ದರಾಮಪ್ಪ, ಮೂವರೂ ಒಟ್ಟಿಗೆ.

"ನಾಳೆ ಬಂದು ಬರ್ಕೋತೀನಿ" ಎಂದು ರಾಮಯ್ಯ ಸ್ಕೂಟರಿನತ್ತ ನಡೆದರು. ಸ್ಕೂಟರಿನ ಮೇಲೆ ಹೊಳೆವ್ವ ಕುಳಿತಿದ್ದಳು.

"ಇಳಿಯಮ್ಮ."

"ನನ್ನ ಮಗನ ಹೆಸರು ಬರೀರಿ. ಇಳೀತೀನಿ."

"ಅದಕ್ಕೆಲ್ಲ ಕ್ರಮ ಇದೆ."

"ನನ್ನ ಮಗ ಇಲ್ಲ ಅನ್ನಾಕ ಕ್ರಮ ಇತ್ತೇನ್ರೀ? ಆ ಪುಸ್ತಕದವ ಒಂದ ನಿಮಿಷದಾಗ ಅಂದ. ಬರ್ಯೂದೂ ಒಂದ ನಿಮಿಷದಾಗ ಆಗ್ಲಿ."

ಗೇಟಿನ ಹೊರಗೆ ನಿಂತಿದ್ದ ಇನ್ನೂರು ಜನ ಈಗ ನಾನೂರಾಗಿದ್ದರು. ಎಲ್ಲರೂ ರಾಮಯ್ಯನವರನ್ನೇ ನೋಡುತ್ತಿದ್ದರು. ರಾಮಯ್ಯ ಹೆಲ್ಮೆಟ್ ತೆಗೆದರು.

ಸೊಣ್ಣಪ್ಪ ಹರಿದ ಪುಸ್ತಕಕ್ಕೆ ಗೋಂದು ಹಚ್ಚಿ, ಮೂವತ್ತೆರಡನೆಯ ಸಾಲಿನಲ್ಲಿ ಬರೆದ. ಹೊಳೆವ್ವಳಿಗೆ ಓದು ಬಾರದು. ಅವಳು ಸೊಣ್ಣಪ್ಪನನ್ನೂ ನಂಬಲಿಲ್ಲ, ರಾಮಯ್ಯನವರನ್ನೂ ನಂಬಲಿಲ್ಲ. ಲಕ್ಷ್ಮಣಪ್ಪನವರ ಕೈಗೆ ಪುಸ್ತಕ ಕೊಡಿಸಿ, "ನೀವು ಓದ್ರಿ" ಎಂದಳು. ಸಬ್ ಇನ್‌ಸ್ಪೆಕ್ಟರು ಶಾಲೆಯ ಹುಡುಗನ ಹಾಗೆ ನಿಂತು ಓದಿದರು: "ಭೀಮಪ್ಪ, ತಂದೆ ಹನಮಪ್ಪ, ಬಣ್ಣದ ವಿಭಾಗ."

"ಉಳಿದವರ್ನೂ ಬರೀರಿ. ಅವರ ಅವ್ವಂದಿರು ಬಂದು ಕೇಳಿದ್ರ ಏನಂತೀರಿ?"

ಇಪ್ಪತ್ತೇಳು ಹೆಸರು ಮುಗಿಯುವ ಹೊತ್ತಿಗೆ ಮಧ್ಯಾಹ್ನ ಮೂರಾಯಿತು. ಸೊಣ್ಣಪ್ಪ ಎರಡು ಸಲ ಪೆನ್ನಿಗೆ ಮಸಿ ತುಂಬಿಸಿದ. ಪ್ರತಿ ಹೆಸರನ್ನೂ ಲಕ್ಷ್ಮಣಪ್ಪನವರೇ ಓದಿದರು. ಆಗ ಹೊಳೆವ್ವ ಸ್ಕೂಟರಿನಿಂದ ಇಳಿದು, ಸೆರಗು ಕೊಡವಿ, ಪರಮಾನಂದನ ಮುಂದೆ ಬಂದು ನಿಂತಳು. ಅವನು ಇನ್ನೊಂದು ಏಟಿಗೆ ಎಡ ಭುಜ ಒಡ್ಡಿದ.

"ಊಟ ಮಾಡಿಸು" ಎಂದಳು. "ನಿನ್ನೆಯಿಂದ ಉಂಡಿಲ್ಲ."

ಭಾಗ್ಯಶ್ರೀ ಅಂದು ತಟ್ಟಿದ ಹದಿನಾಲ್ಕು ರೊಟ್ಟಿಗಳಲ್ಲಿ ಒಂದೂ ಉಳಿಯಲಿಲ್ಲ. ಚಿಕ್ಕಬೈರಪ್ಪನವರು ರೂಮು ಖಾಲಿ ಮಾಡಿಸಲು ಬಂದವರು ಎಣ್ಣೆಗಾಯಿಯ ವಾಸನೆಗೆ ಬಾಗಿಲಲ್ಲೇ ಕುಳಿತು, ತಾವೂ ಎರಡು ರೊಟ್ಟಿ ತಿಂದು, ಆ ವಿಷಯ ಎತ್ತದೆ ಹೋದರು.

ವಾರದ ನಂತರ ಪರಮಾನಂದನಿಗೆ ಕಂಪನಿಯಿಂದ ಮೆಮೊ ಬಂತು. ಹೊರದೇಶದ ಮೃತ ವ್ಯಕ್ತಿಯೊಬ್ಬರ ವಿಷಯದಲ್ಲಿ ಆಡಳಿತದ ಅನುಮತಿಯಿಲ್ಲದೆ ಸಿಟ್ಟಾಗಿ, ಸದರಿ ಸಿಟ್ಟನ್ನು ವಠಾರದಲ್ಲಿ ಹರಡಿ, ಕಂಪನಿಯ ಗೌರವಕ್ಕೆ ಕುಂದು ತಂದ ಬಗ್ಗೆ ಮೂರು ದಿನದೊಳಗೆ ಸಮಜಾಯಿಷಿ ನೀಡತಕ್ಕದ್ದು. ಅವನು ರಾತ್ರಿಯೆಲ್ಲ ಕೂತು ನಾಲ್ಕು ಪುಟ ಬರೆದ. ಭಾಗ್ಯಶ್ರೀ ಓದಿ ನೋಡಿ, ನಾಲ್ಕನ್ನೂ ಒಲೆಗೆ ಹಾಕಿ, ಹೊಸ ಹಾಳೆಯ ಮೇಲೆ ತಾನೇ ಬರೆದುಕೊಟ್ಟಳು. ಅವನು ಸಹಿ ಹಾಕಿ ಸೊಣ್ಣಪ್ಪನ ಕಿಟಕಿಯಲ್ಲಿ ಕೊಟ್ಟುಬಂದ.

'ಮಾನ್ಯರೆ, ನನಗೆ ಸಿಟ್ಟು ಬಂದದ್ದು ನಿಜ. ಅದು ಇನ್ನೂ ಹೋಗಿಲ್ಲ. ಹೋದ ಕೂಡಲೆ ಲಿಖಿತವಾಗಿ ತಿಳಿಸುತ್ತೇನೆ.'